ಹರದಾರಿಯ ಅಳತೆ: ಒಂದು ವಿಚಾರ

ವೈಟ್‌ಫೀಲ್ಡಿನಿಂದ ಪೀಣ್ಯಕ್ಕೆ ಎಷ್ಟು ದೂರವೆಂದು ಕೇಳಿದರೆ ಇಂದು ಉತ್ತರವು ಗಂಟೆಗಳಲ್ಲಿ ದೊರೆಯುವುದೇ ಹೆಚ್ಚು. ಇದು ವಾಹನಗಳ ದಟ್ಟಣೆ ಕಲಿಸಿದ ಹೊಸ ರೂಢಿಯೆಂದು ತೋರಬಹುದು. ಆದರೆ ದೂರವನ್ನು ಮನುಷ್ಯನ ಶಕ್ತಿಯಿಂದಲೂ ಕಾಲದಿಂದಲೂ ಅಳೆಯುವುದು ನಮ್ಮಲ್ಲಿ ಪುರಾತನವಾದುದು.

ಹರದಾರಿಯನ್ನು ಸುಮಾರು ಮೂರು ಮೈಲಿಯೆಂದೂ, ನಾಲ್ಕು ಹರದಾರಿಯನ್ನು ಒಂದು ಗಾವುದವೆಂದೂ ಎಣಿಸುವ ವಾಡಿಕೆಯುಂಟು. ಇದಕ್ಕೆ ಸಮೀಪವಾದ ಸಂಸ್ಕೃತದ ಕ್ರೋಶವೆಂದರೆ ಮೂಲತಃ ಕೂಗು. ಅದರ ಪರ್ಯಾಯವಾದ ಗೋರುತವೆಂದರೆ ಹಸುವಿನ ಕೂಗು. ನಮ್ಮ ‘ಕೂಗಳತೆ’ಯೂ ಇದೇ ಜಾತಿಯದು. ಕಿವಿಯೇ ಅಳತೆಗೋಲಾದ ಮೇಲೆ ಪ್ರಮಾಣವು ಎಲ್ಲೆಡೆಯೂ ಒಂದೇ ಆಗಿರಲಾರದು. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಅರ್ಥಶಾಸ್ತ್ರದ ಪಾಠದಲ್ಲಿ ಗೋರುತಕ್ಕೆ 1000 ಧನುಸ್ಸು. ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಕ್ರೋಶಕ್ಕೆ 2000 ದಂಡ. ಧನುಸ್ಸೂ ದಂಡವೂ ನಾಲ್ಕು ಮೊಳವೇ ಆದುದರಿಂದ ಒಂದು ಮತ್ತೊಂದರ ಇಮ್ಮಡಿಯಾಯಿತು.

ಕ್ರೋಶದಿಂದ ಬಂದ ಕೋಸಿಗೆ 6000 ಗಜವೆಂದು 1785ರಲ್ಲಿ ಟಿಪ್ಪು ಸುಲ್ತಾನನು ಗೊತ್ತುಪಡಿಸಿದನು. ಅಂಚೆಯವರು ಅದನ್ನು ಒಂದೂವರೆ ಗಳಿಗೆಯಲ್ಲಿ, ಎಂದರೆ 36 ನಿಮಿಷಗಳಲ್ಲಿ, ಕ್ರಮಿಸಬೇಕೆಂದೂ, ತಪ್ಪಿದರೆ ಹರಿಕಾರರಿಗೆ ಚಾಟಿಯೇಟು ಕೊಡಬೇಕೆಂದೂ ಆಜ್ಞಾಪಿಸಿದನು. ಅಳತೆ ನಿಶ್ಚಿತವಾದೊಡನೆ ಅದರ ಭಾರವು ಓಡುವವನ ಬೆನ್ನಿನ ಮೇಲೆ ಬಿದ್ದಿತು.

ಆದುದರಿಂದ ಹಳೆಯ ದಾಖಲೆಗಳಲ್ಲಿ ಬರುವ ಹರದಾರಿಗಳನ್ನು ಕಣ್ಣುಮುಚ್ಚಿ ಮೂರರಿಂದ ಗುಣಿಸುವುದು ಸಲ್ಲದೆಂದು ನಾವು ಭಾವಿಸುತ್ತೇವೆ. ಮೊದಲು ನಿಶ್ಚಯವಾಗಿ ತಿಳಿದಿರುವ ಎರಡು ಊರುಗಳ ನಡುವಣ ಹಾದಿಯನ್ನು ಅಳೆದು, ಆ ಬರಹದ ಹರದಾರಿ ಎಷ್ಟೆಂಬುದನ್ನು ಅದರಿಂದಲೇ ಕಂಡುಕೊಳ್ಳಬೇಕು. ಇಲ್ಲವಾದರೆ ಅಳಿದುಹೋದ ಊರನ್ನು ನಾವು ಇಲ್ಲದ ಕಡೆ ಹುಡುಕುತ್ತಿರುವೆವು.