ಭಾರತದಲ್ಲಿ ಇ-ಸಿಗರೇಟು ನಿಷೇಧದ ಇತಿಹಾಸ

ನಿಕೋಟಿನ್ ಬೆರೆತ ದ್ರವವನ್ನು ಬ್ಯಾಟರಿಯ ಶಾಖದಿಂದ ಆವಿಯಾಗಿಸಿ ಸೇದುವ ಸಾಧನ ಇ-ಸಿಗರೇಟು, ಆಡುಮಾತಿನಲ್ಲಿ ವೇಪ್. ಇದರ ಇಂದಿನ ಮಾದರಿಗೆ ದಾರಿ ಮಾಡಿದವನು ಚೀನಾದ ಔಷಧತಜ್ಞ ಹಾನ್ ಲಿಕ್ (2003). ಧೂಮಪಾನ ಬಿಡಿಸಲೆಂದು ಬಂದ ಈ ಸಾಧನ ಹಣ್ಣು, ಪುದೀನ, ಮಿಠಾಯಿಗಳ ಸ್ವಾದ ಹೊತ್ತು, ಸಿಗರೇಟನ್ನೇ ಮುಟ್ಟದಿದ್ದ ಮಕ್ಕಳನ್ನೂ ಸೆಳೆಯಿತು. ಅಮೆರಿಕದ 2019ರ ಸಮೀಕ್ಷೆಯಲ್ಲಿ 9ರಿಂದ 12ನೇ ತರಗತಿಯವರಲ್ಲಿ ಶೇ. 27.5ರಷ್ಟು ಮಂದಿ ಇದನ್ನು ಬಳಸುತ್ತಿದ್ದರು. ಭಾರತದಲ್ಲಿ 2016-17ರಲ್ಲಿ ಇದನ್ನು ಬಳಸುತ್ತಿದ್ದ ವಯಸ್ಕರು ಶೇ. 0.02 ಮಾತ್ರ. ಚಟ ಬೇರೂರುವ ಮೊದಲೇ ತಡೆಯಲು ಸಾಧ್ಯವಿದ್ದದ್ದೇ ಭಾರತದ ನಿಷೇಧಕ್ಕಿರುವ ಬಲವಾದ ಸಮರ್ಥನೆ.

ಈ ದಿಕ್ಕಿನಲ್ಲಿ ಕೆಲವು ರಾಜ್ಯಗಳು ಕೇಂದ್ರಕ್ಕಿಂತ ಮುಂದಿದ್ದವು. ಕರ್ನಾಟಕ 2016ರ ಜೂನ್‌ನಲ್ಲೇ ನಿಷೇಧ ಹೇರಿತು. ಕೇಂದ್ರ ಆರೋಗ್ಯ ಸಚಿವಾಲಯ 2018ರ ಆಗಸ್ಟ್‌ನಲ್ಲಿ ಇದರ ಮಾರಾಟ ತಡೆಯುವಂತೆ ರಾಜ್ಯಗಳಿಗೆ ಸಲಹೆ ಕಳಿಸಿತಾದರೂ ಸಲಹೆಗೆ ಕಾನೂನಿನ ಬಲವಿರಲಿಲ್ಲ. 2019ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಂಪೂರ್ಣ ನಿಷೇಧವನ್ನು ಶಿಫಾರಸು ಮಾಡಿತು. ಸೆಪ್ಟೆಂಬರ್ 18ರಂದು ಹೊರಬಿದ್ದ ಸುಗ್ರೀವಾಜ್ಞೆ ಡಿಸೆಂಬರ್‌ನಲ್ಲಿ ಕಾಯ್ದೆಯಾಯಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳಿಗೆ ಮೊದಲ ಬಾರಿ 1 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸೇದುವುದನ್ನು ಮಾತ್ರ ಕಾಯ್ದೆ ಅಪರಾಧವೆನ್ನಲಿಲ್ಲ. ಇದು ವಿವೇಕದ ನಡೆ: ಚಟಕ್ಕೆ ಬಿದ್ದ ಹುಡುಗನಿಗೆ ಬೇಕಾದದ್ದು ಚಿಕಿತ್ಸೆ, ಠಾಣೆಯಲ್ಲ.

ನಿಷೇಧಕ್ಕೆ ಮೂರು ಆಕ್ಷೇಪಗಳಿವೆ. ಧೂಮಪಾನ ಬಿಡಲು ವೇಪ್ ನೆರವಾಗುತ್ತದೆಂಬುದು ಮೊದಲನೆಯದು. ವಯಸ್ಕರ ಮಟ್ಟಿಗೆ ಇದಕ್ಕೆ ವೈಜ್ಞಾನಿಕ ಪುರಾವೆ ಇದೆ. ಆದರೆ ಭಾರತದಲ್ಲಿ ಸೇದುವವರಿಗಿಂತ ಹೊಗೆರಹಿತ ತಂಬಾಕು ಬಳಸುವವರೇ ಹೆಚ್ಚು. ನಿಕೋಟಿನ್ ಗಮ್, ಪ್ಯಾಚ್‌ಗಳೂ ಇಲ್ಲಿ ಸಿಗುತ್ತವೆ. ಸಿಗರೇಟು ಮಾರಲು ಬಿಟ್ಟು ವೇಪ್ ನಿಷೇಧಿಸುವುದು ಅಸಂಗತವೆಂಬುದು ಎರಡನೆಯದು. ಅಸಂಗತಿ ನಿಜ; ಅದಕ್ಕೆ ಪರಿಹಾರ ಸಿಗರೇಟಿನ ಮೇಲಿನ ಬಿಗಿ. ತಂಬಾಕು ಖರೀದಿಯ ವಯಸ್ಸನ್ನು 21ಕ್ಕೇರಿಸಿ ಹುಕ್ಕಾ ಬಾರ್‌ಗಳನ್ನು ನಿಷೇಧಿಸುವ ಮಸೂದೆಯನ್ನು 2024ರಲ್ಲಿ ಅಂಗೀಕರಿಸಿದ ಕರ್ನಾಟಕ ವಿಧಾನಸಭೆ ಆ ದಾರಿ ಹಿಡಿಯಿತು. ನಿಷೇಧದಿಂದ ಕಳ್ಳಸಂತೆ ಬೆಳೆಯುತ್ತದೆಂಬ ಮೂರನೆಯ ಆಕ್ಷೇಪವೇ ಗಂಭೀರವಾದದ್ದು. ಕಳ್ಳಸಾಗಣೆಯ ಸರಕಿನಲ್ಲಿ ಏನು ಬೆರೆತಿದೆಯೆಂದು ಕೊಳ್ಳುವವನಿಗೆ ತಿಳಿಯದು, ಮಾರುವವನು ವಯಸ್ಸು ಕೇಳುವುದಿಲ್ಲ. ಆದರೆ ಮಾರಾಟಕ್ಕೆ ಅನುಮತಿ ಕೊಟ್ಟ ದೇಶಗಳೂ ಇದರಿಂದ ಪಾರಾಗಿಲ್ಲ. ವೇಪ್‌ಗೆ ಉದಾರವಾಗಿದ್ದ ಬ್ರಿಟನ್ ಕೂಡ ಒಮ್ಮೆ ಬಳಸಿ ಎಸೆಯುವ ಸಾಧನಗಳನ್ನು 2025ರ ಜೂನ್ 1ರಿಂದ ನಿಷೇಧಿಸಬೇಕಾಯಿತು. ಹಾಗಾಗಿ ಕಳ್ಳಸಂತೆಗೆ ಉತ್ತರ ಕಾಯ್ದೆಯನ್ನು ಸಡಿಲಿಸುವುದಲ್ಲ. ಬಂದರು, ಕೊರಿಯರ್, ಆನ್‌ಲೈನ್ ಮಾರಾಟ, ಶಾಲೆಯ ಸುತ್ತಲಿನ ಅಂಗಡಿಗಳ ಮೇಲೆ ಅದನ್ನು ನಿರಂತರವಾಗಿ ಜಾರಿಗೊಳಿಸುವುದು.