ಶಸ್ತ್ರವೈದ್ಯನ ಕೈಯನ್ನು ಅಳೆಯುವುದು ಹೇಗೆ?

ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೀವು ನೋಡಿರಬಹುದು. ಕೆಲವು ವಿಗ್ರಹಗಳ ಪೀಠದಲ್ಲಿ ಕೆತ್ತಿದವನ ಹೆಸರಿರುವುದನ್ನು ಗಮನಿಸಿದ್ದೀರಾ? ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ. ಹಳೇಬೀಡಿನಲ್ಲೂ ಇಂಥ ಹೆಸರುಗಳಿವೆ. ಒಂಬೈನೂರು ವರ್ಷಗಳ ಅನಂತರವೂ ತಂದೆಯ ಕೆಲಸದ ಪಕ್ಕದಲ್ಲಿ ಮಗನ ಕೆಲಸವನ್ನಿಟ್ಟು ನಾವು ತೂಗಬಹುದು. ಶಸ್ತ್ರವೈದ್ಯನ ಕೆಲಸಕ್ಕೆ ಈ ಭಾಗ್ಯವಿಲ್ಲ. ಅದು ರೋಗಿಯ ಮೈಯೊಳಗೇ ಉಳಿದುಬಿಡುತ್ತದೆ. ಹಾಗಾದರೆ ಕಲಿಯುತ್ತಿರುವವನ ಕೈ ಪಳಗಿದೆ ಎಂದು ಗುರು ನಿರ್ಧರಿಸುವುದು ಹೇಗೆ? ಮೂತ್ರಕೋಶದ ಗಡ್ಡೆಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಇದಕ್ಕೆ ಒಳ್ಳೆಯ ಉತ್ತರವಿದೆ. ಅದರಲ್ಲಿ ಭೌತವಿಜ್ಞಾನದ ಪಾಲೂ ಇದೆ.

1877ರಲ್ಲಿ ಜರ್ಮನಿಯ ಮ್ಯಾಕ್ಸಿಮಿಲಿಯನ್ ನಿಟ್ಸೆ ದೀಪ ಮತ್ತು ಮಸೂರಗಳಿದ್ದ ಕೊಳವೆಯೊಂದನ್ನು ಮೂತ್ರ ಹೊರಬರುವ ದಾರಿಯಲ್ಲೇ ಒಳಗೆ ತೂರಿಸಿ ಮೂತ್ರಕೋಶವನ್ನು ನೋಡುವ ಉಪಾಯ ಕಂಡುಹಿಡಿದ. ಇದೇ ಸಿಸ್ಟೋಸ್ಕೋಪ್. 1910ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಬಿಯರ್ ಆ ಕೊಳವೆಯ ಮೂಲಕವೇ ಅಧಿಕ ಆವರ್ತನೆಯ ವಿದ್ಯುತ್ತನ್ನು ಹಾಯಿಸಿ ಗಡ್ಡೆಯನ್ನು ಸುಟ್ಟ. ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುವ ವಿದ್ಯುತ್ತು ಊತಕವನ್ನು ಕಾಯಿಸುತ್ತದೆ, ಆದರೆ ನರಗಳನ್ನು ಅಷ್ಟಾಗಿ ಕೆರಳಿಸುವುದಿಲ್ಲ. 1926ರಲ್ಲಿ ಮ್ಯಾಕ್ಸಿಮಿಲಿಯನ್ ಸ್ಟರ್ನ್ ರೂಪಿಸಿದ ಉಪಕರಣದಲ್ಲಿ ತಂತಿಯ ಕುಣಿಕೆಯೊಂದು ಬಂತು. ಅದು ಊತಕವನ್ನು ಚೂರು ಚೂರಾಗಿ ಹೆರೆದು ತೆಗೆಯುತ್ತದೆ. ಹೊಟ್ಟೆ ಕೊಯ್ಯುವ ಪ್ರಮೇಯವೇ ಇಲ್ಲ.

ಒಂದು ತೊಡಕು ಮಾತ್ರ ಉಳಿಯಿತು. ಕೊಳವೆಯ ತುದಿಗೆ ಒಂದೇ ಕಣ್ಣು. ಶಿಷ್ಯ ಕೊಯ್ಯುವಾಗ ಗುರುವಿಗೆ ಏನೂ ಕಾಣದು. ಗುರು ಇಣುಕಿದರೆ ಶಿಷ್ಯನ ಕೈ ನಿಲ್ಲಬೇಕು. ಕಾಣದ್ದನ್ನು ಅಳೆಯುವುದೆಂತು?

ಬಿಡಿಸಿದವನು ವೈದ್ಯನಲ್ಲ, ಭೌತವಿಜ್ಞಾನಿ. ಲಿವರ್‌ಪೂಲಿನ ವೈದ್ಯ ಜೇಮ್ಸ್ ಗೌ ಅವರಿಗೆ ಮೂತ್ರಕೋಶದ ಒಳಭಾಗದ ಫೋಟೋ ತೆಗೆಯಬೇಕಿತ್ತು, ಬೆಳಕು ಸಾಲುತ್ತಿರಲಿಲ್ಲ. ಅವರು ಹೆರಾಲ್ಡ್ ಹಾಪ್ಕಿನ್ಸ್‌ರನ್ನು ಕೇಳಿದರು. ಹಳೆಯ ಕೊಳವೆಯಲ್ಲಿ ತೆಳು ಮಸೂರಗಳು, ನಡುವೆ ಉದ್ದುದ್ದ ಗಾಳಿ. 1959ರಲ್ಲಿ ಹಾಪ್ಕಿನ್ಸ್ ಇದನ್ನು ತಿರುವುಮುರುವು ಮಾಡಿದರು: ಉದ್ದನೆಯ ಗಾಜಿನ ಕಡ್ಡಿಗಳು, ನಡುವಣ ಗಾಳಿಯ ತೆಳು ಪದರವೇ ಮಸೂರ. ಸಾಗುವ ಬೆಳಕಿನ ಪ್ರಮಾಣ ಮಾಧ್ಯಮದ ವಕ್ರೀಭವನಾಂಕದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಗಾಜಿನ ವಕ್ರೀಭವನಾಂಕ ಸುಮಾರು 1.5. ಅಂದರೆ ಇದೊಂದರಿಂದಲೇ ಬೆಳಕು ಎರಡು ಪಟ್ಟಿಗೂ ಮಿಕ್ಕಿ ಹೆಚ್ಚಿತು. ಮಸೂರಗಳನ್ನು ಹಿಡಿದಿಡುತ್ತಿದ್ದ ಒಳಕೊಳವೆಗಳು ಬೇಡವಾದದ್ದರಿಂದ ಬೆಳಕಿನ ದಾರಿಯೂ ಅಗಲವಾಯಿತು. ತರಗತಿಯಲ್ಲಿ ಮಸೂರದ ಸೂತ್ರ ಬಾಯಿಪಾಠ ಮಾಡಿಸುವಾಗ ನಾವು ಈ ಕಥೆಯನ್ನು ಹೇಳದಿರುವುದು ವಿಷಾದಕರ.

ಮುಂದೆ ಕ್ಯಾಮೆರಾ, ಟಿ.ವಿ. ಪರದೆ ಬಂದವು. ಗುರುಶಿಷ್ಯರು ಒಂದೇ ಚಿತ್ರವನ್ನು ಒಟ್ಟಿಗೆ ನೋಡಿದರು. ಚಿತ್ರ ಮುದ್ರಣವಾದರೆ, ಯಾರು ಕೊಯ್ದರೆಂದು ತಿಳಿಯದ ಪರೀಕ್ಷಕನೂ ಅಂಕ ಕೊಡಬಹುದು. ಶಸ್ತ್ರಕೌಶಲಕ್ಕೆ ಅಂಕ ಹಾಕುವ ಪಟ್ಟಿಯೊಂದನ್ನು ಟೊರಾಂಟೊದಲ್ಲಿ ರಿಚರ್ಡ್ ರೆಜ್ನಿಕ್ ತಂಡ 1997ರಲ್ಲಿ ಪ್ರಕಟಿಸಿತು. ಊತಕವನ್ನು ನಾಜೂಕಾಗಿ ಹಿಡಿದನೇ, ಅನಗತ್ಯ ಚಲನೆ ಇತ್ತೇ ಎಂಬಂಥ ಪ್ರಶ್ನೆಗಳಿಗೆ 1ರಿಂದ 5 ಅಂಕ.

ಚೆಂದಾಗಿ ಕೊಯ್ದರೆ ಸಾಕೇ? ರೋಗಿಗೆ ಬೇಕಾದದ್ದು ಗುಣ. ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ ಪ್ರತಿ ರೋಗಿಯ ಅಂತಿಮ ಫಲಿತಾಂಶವನ್ನೂ ಬರೆದಿಡಿ ಎಂದು ಹಟ ಹಿಡಿದು, 1914ರಲ್ಲಿ ತನ್ನ ಆಸ್ಪತ್ರೆಯ ಹುದ್ದೆಯನ್ನೇ ಬಿಟ್ಟ. ಮೂತ್ರಕೋಶದಲ್ಲಿ ಇದು ಸುಲಭ, ಏಕೆಂದರೆ ಸುಮಾರು ಮೂರು ತಿಂಗಳಿಗೆ ಹೇಗೂ ಮತ್ತೆ ಒಳಗೆ ಇಣುಕಿ ನೋಡುತ್ತಾರೆ. ಯೂರೋಪಿನ 7 ಅಧ್ಯಯನಗಳ ರೋಗಿಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ವೈದ್ಯರನ್ನು ಬೆಚ್ಚಿಬೀಳಿಸಿತು. ಒಂದೇ ಗಡ್ಡೆಯಿದ್ದವರಲ್ಲಿ ಮೊದಲ ಪರೀಕ್ಷೆಯ ವೇಳೆಗೇ ಗಡ್ಡೆ ಮತ್ತೆ ಕಂಡದ್ದು ಒಂದು ಆಸ್ಪತ್ರೆಯಲ್ಲಿ ಶೇಕಡಾ 3.4, ಇನ್ನೊಂದರಲ್ಲಿ 20.6. ರೋಗದ ಸ್ವಭಾವವೊಂದೇ ಇಷ್ಟು ಅಂತರಕ್ಕೆ ಕಾರಣವಾಗಲಾರದು. ಕೈಗಳ ವ್ಯತ್ಯಾಸವೂ ಇರಬೇಕು ಎಂದು ಲೇಖಕರು ಅನುಮಾನಿಸಿದರು.

2010ರಲ್ಲಿ ಎಡಿನ್‌ಬರೋ ವೈದ್ಯರು ಇನ್ನೊಂದು ಅಳತೆಗೋಲು ಕೊಟ್ಟರು. ತೆಗೆದ ಚೂರುಗಳಲ್ಲಿ ಮೂತ್ರಕೋಶದ ಗೋಡೆಯ ಸ್ನಾಯು ಇದೆಯೇ? ಇದ್ದರೆ ಗಡ್ಡೆಯ ಬುಡ ಮುಟ್ಟಿದೆ. ಇಲ್ಲದಿದ್ದಾಗ ಬೇಗನೆ ಮರುಕಳಿಸುವ ಪ್ರಮಾಣ ಸುಮಾರು ಎರಡರಷ್ಟಿತ್ತು. ಹಿರಿಯರು ಕೊಯ್ದಾಗ ಸ್ನಾಯು ಸಿಗುವುದು ಹೆಚ್ಚು.

ಅಂಕದ ಆಸೆಗೆ ಆಳಕ್ಕೆ ಕೊಯ್ದರೆ? ತುಂಬಿದ ಮೂತ್ರಕೋಶದ ಗೋಡೆ ಕೆಲವೇ ಮಿಲಿಮೀಟರ್ ದಪ್ಪ, ತೂತು ಬೀಳುತ್ತದೆ. ಪಕ್ಕದ ಗೋಡೆಯಲ್ಲಿ ತೊಡೆಯ ನರಕ್ಕೆ ವಿದ್ಯುತ್ತು ತಗುಲಿದರೆ ಕಾಲು ಥಟ್ಟನೆ ಜಿಗಿಯುವುದೂ ಉಂಟು. ಸುಲಭದ ಗಡ್ಡೆಗಳು ಕಿರಿಯರಿಗೆ, ಕಷ್ಟದವು ಹಿರಿಯರಿಗೆ ಹೋಗುವುದರಿಂದ ಬರೀ ಶೇಕಡಾ ಹೋಲಿಸುವುದೂ ಅನ್ಯಾಯ.

ನಮ್ಮಲ್ಲಿ ಮೂತ್ರರೋಗ ಶಸ್ತ್ರಚಿಕಿತ್ಸೆಯ ಎಂ.ಸಿಎಚ್. ಪದವಿಗೆ 3 ವರ್ಷ. ಮಾಡಿದ ಶಸ್ತ್ರಚಿಕಿತ್ಸೆಗಳನ್ನು ವಿದ್ಯಾರ್ಥಿ ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಾನೆ. ಎಷ್ಟು ಎಂಬುದು ಅದರಿಂದ ತಿಳಿಯುತ್ತದೆ, ಎಷ್ಟು ಚೆನ್ನಾಗಿ ಎಂಬುದಲ್ಲ. ಇನ್ನು ಮೂರು ತಿಂಗಳ ಪರೀಕ್ಷೆಯ ಮಾತು. ಅರಸೀಕೆರೆ ಕಡೆಯ ತೆಂಗಿನ ರೈತನೊಬ್ಬ ರಕ್ತ ನಿಂತಿತೆಂದು ಹಿಂದಿರುಗಿ ಬಾರದಿದ್ದರೆ ವೈದ್ಯನ ಲೆಕ್ಕದಲ್ಲಿ ಒಂದು ಅಂಕಿ ಕಾಣೆಯಾಗುತ್ತದೆ. ರೈತನಿಗಾಗುವ ನಷ್ಟ ಇನ್ನೂ ದೊಡ್ಡದು. ಸ್ನಾಯುವಿನ ಅಳತೆಗೆ ಈ ಕಾಯುವಿಕೆ ಬೇಡ. ಗಡ್ಡೆಯ ಬುಡದಿಂದ ತೆಗೆದ ಚೂರನ್ನು ಬೇರೆ ಸೀಸೆಗೆ ಹಾಕಿ, ಗುರುತು ಚೀಟಿ ಅಂಟಿಸಿ ಕಳಿಸಿದರೆ ಕೆಲವು ದಿನಗಳಲ್ಲೇ ಪೆಥಾಲಜಿಸ್ಟರ ವರದಿ ಬರುತ್ತದೆ.