ಮನೆಯ ಗಣಕಕ್ಕೆ ಇಳಿದ ಮೋಡಗಳು

ಕಳೆದ 2025ರ ಆಗಸ್ಟ್ 19ರಂದು ಅಮೆರಿಕದ ಹವಾಮಾನ ಉಪಗ್ರಹ ನೋವಾ-15 ತನ್ನ ಸೇವೆಯನ್ನು ಮುಗಿಸಿತು. ಎರಡು ವರ್ಷದ ಬಾಳಿಕೆಗೆಂದು 1998ರಲ್ಲಿ ಹಾರಿಸಿದ ಈ ಉಪಗ್ರಹ ದುಡಿದದ್ದು ಇಪ್ಪತ್ತೇಳು ವರ್ಷ. ಅದರೊಂದಿಗೆ, ಸಾಮಾನ್ಯ ರೇಡಿಯೊ ಮತ್ತು ಅಗ್ಗದ ಗಣಕ ಇದ್ದವರು ಮೋಡಗಳ ಚಿತ್ರವನ್ನು ಆಕಾಶದಿಂದ ನೇರವಾಗಿ ಪಡೆಯುತ್ತಿದ್ದ ಅರವತ್ತು ವರ್ಷಗಳ ಅಧ್ಯಾಯವೊಂದು ಕೊನೆಗೊಂಡಿತು.

ಇದರ ಮೂಲ ತಿಳಿಯಲು 1960ಕ್ಕೆ ಹೋಗಬೇಕು. ಆ ವರ್ಷ ಏಪ್ರಿಲ್ 1ರಂದು ಹಾರಿದ ಟೈರೋಸ್-1 ಮೊದಲ ಯಶಸ್ವಿ ಹವಾಮಾನ ಉಪಗ್ರಹ. ಅದರ ಚಿತ್ರಗಳು ಇಳಿಯುತ್ತಿದ್ದುದು ಅಮೆರಿಕದ ಕೆಲವೇ ಕೇಂದ್ರಗಳಿಗೆ. ಅಲ್ಲಿಂದ ಬೇರೆ ದೇಶಗಳಿಗೆ ಮಾಹಿತಿ ತಲುಪುವಷ್ಟರಲ್ಲಿ ಮೋಡಗಳು ಮುಂದೆ ಸಾಗಿರುತ್ತಿದ್ದವು. ಹೀಗಾಗಿ 1963ರ ಡಿಸೆಂಬರ್‌ನಲ್ಲಿ ಟೈರೋಸ್-8ರ ಮೂಲಕ ‘ಸ್ವಯಂಚಾಲಿತ ಚಿತ್ರ ಪ್ರಸಾರ’ ಪದ್ಧತಿ ಬಂತು. ಉಪಗ್ರಹ ತಾನು ಕಂಡದ್ದನ್ನು ಆಗಲೇ, ಕೆಳಗಿರುವವರಿಗೆಲ್ಲ ಬಿತ್ತರಿಸುವುದು ಇದರ ರೀತಿ. ಕಡಿಮೆ ಖರ್ಚಿನ ಉಪಕರಣಕ್ಕೂ ದಕ್ಕಲಿ ಎಂದು ಸಂಕೇತವನ್ನು ಬೇಕೆಂದೇ ಸರಳವಾಗಿ ಇಡಲಾಯಿತು. ಅದಕ್ಕೆ ಬೀಗವಿರಲಿಲ್ಲ, ಶುಲ್ಕವೂ ಇರಲಿಲ್ಲ. ಹಿಂದೂ ಮಹಾಸಾಗರದ ಅಂತರರಾಷ್ಟ್ರೀಯ ಅಧ್ಯಯನ ನಡೆಯುತ್ತಿದ್ದ ಆ ದಶಕದಲ್ಲೇ ಮುಂಬೈ ಈ ಚಿತ್ರಗಳನ್ನು ಪಡೆಯತೊಡಗಿತು.

ಮುಂದೆ ಬಂದ ನೋವಾ ಸರಣಿಯ ಉಪಗ್ರಹಗಳು ಸುಮಾರು 850 ಕಿ.ಮೀ. ಎತ್ತರದಲ್ಲಿ, 102 ನಿಮಿಷಕ್ಕೊಮ್ಮೆ ಧ್ರುವದಿಂದ ಧ್ರುವಕ್ಕೆ ಭೂಮಿಯನ್ನು ಸುತ್ತುತ್ತಿದ್ದವು. 137 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಸೆಕೆಂಡಿಗೆ ಎರಡು ಗೆರೆಯಂತೆ ಚಿತ್ರ ಇಳಿಯುತ್ತಿತ್ತು. ರೇಡಿಯೊದಲ್ಲಿ ಅದು ಗಡಿಯಾರದ ಟಿಕ್-ಟಿಕ್‌ನಂತೆ ಕೇಳಿಸುತ್ತಿತ್ತು. ಆ ಸದ್ದಿನ ಏರಿಳಿತವೇ ಚಿತ್ರದ ಕಪ್ಪು-ಬಿಳುಪು.

ಸದ್ದನ್ನು ಚಿತ್ರವಾಗಿಸುವುದೇ ಕಷ್ಟದ ಕೆಲಸವಾಗಿತ್ತು. ಮೊದಮೊದಲು ಇದಕ್ಕೆ ಉರುಳೆ ತಿರುಗುವ ಫ್ಯಾಕ್ಸ್ ಯಂತ್ರ ಬೇಕಿತ್ತು. ಎಂಬತ್ತರ ದಶಕದಲ್ಲಿ ಹವ್ಯಾಸಿಗಳು ತಾವೇ ಬೆಸುಗೆ ಹಾಕಿದ ಸಣ್ಣ ಸರ್ಕ್ಯೂಟ್ ಮೂಲಕ ರೇಡಿಯೊವನ್ನು ಗಣಕಕ್ಕೆ ಜೋಡಿಸಿದರು. ತೊಂಬತ್ತರ ದಶಕದಲ್ಲಿ ಪಿಸಿಗಳಿಗೆ ಸೌಂಡ್ ಕಾರ್ಡ್ ಬಂದಾಗ ಆ ಸರ್ಕ್ಯೂಟಿನ ಅಗತ್ಯವೂ ಹೋಯಿತು. ಹಾಡು ಕೇಳಲೆಂದು ಕೊಂಡ ಕಾರ್ಡು ಉಪಗ್ರಹದ ಸದ್ದನ್ನು ಅಂಕಿಗಳಾಗಿಸಿದರೆ, ‘ಡಬ್ಲ್ಯೂಎಕ್ಸ್‌ಸ್ಯಾಟ್’ನಂಥ ತಂತ್ರಾಂಶ ಅವನ್ನು ಗೆರೆಗೆರೆಯಾಗಿ ಪರದೆಯ ಮೇಲೆ ಜೋಡಿಸುತ್ತಿತ್ತು. ಒಂದು ಗೆರೆಗೆ 2,080 ಚುಕ್ಕೆ. ಹದಿನೈದು ನಿಮಿಷದ ಚಿತ್ರಕ್ಕೆ 1,800 ಗೆರೆ. ಎಲ್ಲ ಸೇರಿ ನಾಲ್ಕು ಮೆಗಾಬೈಟ್‌ಗೂ ಕಡಿಮೆ. ಅಂದರೆ ಅಂದಿನ ಮೂರು ಫ್ಲಾಪಿಗಳಲ್ಲಿ ಹಿಡಿಸುವಷ್ಟು! 2012ರ ಹೊತ್ತಿಗೆ ಟಿ.ವಿ. ನೋಡಲು ತಯಾರಾದ ಅಗ್ಗದ ಯುಎಸ್‌ಬಿ ಕಡ್ಡಿಯೇ ರೇಡಿಯೊದ ಕೆಲಸವನ್ನೂ ವಹಿಸಿಕೊಂಡಿತು. ಆಂಟೆನಾ ಎಂದರೆ ಅರ್ಧ ಮೀಟರಿನ ಎರಡು ಲೋಹದ ಸರಳುಗಳಷ್ಟೇ.

ಇಂದು ಅಂತರ್ಜಾಲದಲ್ಲಿ ಇದಕ್ಕಿಂತ ಸೊಗಸಾದ ಚಿತ್ರಗಳು ಸಿಗುತ್ತವೆ, ನಿಜ. ಆದರೆ ಅವು ದೂರದ ಸರ್ವರು, ಕೇಬಲ್ಲು, ಗೋಪುರಗಳನ್ನು ದಾಟಿ ಬರಬೇಕು. ಚಂಡಮಾರುತ ಬೀಸಿದಾಗ ಮೊದಲು ಕಡಿಯುವುದು ಇವೇ ಅಲ್ಲವೇ? ಬ್ಯಾಟರಿಯಿಂದ ನಡೆಯುವ ರೇಡಿಯೊ ಮತ್ತು ಲ್ಯಾಪ್‌ಟಾಪ್ ಇದ್ದವನಿಗೆ ಇವುಗಳ ಹಂಗಿರಲಿಲ್ಲ.

ರಷ್ಯದ ಮೆಟಿಯೋರ್ ಉಪಗ್ರಹಗಳು ಇದೇ ಅಲೆಪಟ್ಟಿಯಲ್ಲಿ ಡಿಜಿಟಲ್ ಚಿತ್ರ ಕಳಿಸುತ್ತವೆ. ಹವ್ಯಾಸಿಗಳು ಅತ್ತ ಹೊರಳಿದ್ದಾರೆ. ಅವನ್ನು ಬಿಡಿಸಲು ಗಣಕ ಬೇಕೇ ಬೇಕು; ಹಳೆಯ ಫ್ಯಾಕ್ಸ್ ಯಂತ್ರ ಸಾಲದು. 1963ರ ಎಂಜಿನಿಯರುಗಳು ಸಂಕೇತ ರೂಪಿಸುವಾಗ ಅತ್ಯಂತ ಬಡ ಗ್ರಾಹಕನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಹೊಸ ಉಪಗ್ರಹಗಳನ್ನು ರೂಪಿಸುವವರು ಆ ಲೆಕ್ಕವನ್ನು ಮರೆಯಬಾರದು.